ಜೋಡಿಮನೆಯ ಹೊಗೆಗೂಡು

ಒಂಬತ್ತನೇ ಮನೆ
ಬುಧವಾರ, ಮಧ್ಯಾಹ್ನ

ನಡುಗೋಡೆಯ ಆಚೆ ಇರುವವರಿಗೆ,

ಒಂದು ಗೋಡೆಯ ಆಚೆಗೆ ಕಾಗದ ಬರೆಯುವುದು ನಗೆಪಾಟಲೇ. ಆದರೆ ಎದುರು ಕೂತರೆ ನಾವು ಗಂಡ ಹೆಂಡತಿ ಮಾತಿಗೆ ಮೊದಲು ಜಗಳ ತೆಗೆಯುತ್ತೇವಲ್ಲ.

ನಿಮ್ಮ ಅಕ್ಕ ನಿನ್ನೆ ಫಾರಂ ತಂದುಕೊಟ್ಟರು. ನಮ್ಮೆರಡು ಮನೆಗೂ ಸೇರಿದ ಹೊಗೆಗೂಡನ್ನು ಕೆಡವಬೇಕೋ, ರಿಪೇರಿ ಮಾಡಬೇಕೋ ಎಂದು ಗುರುತು ಹಾಕಿ ಎರಡೂ ಮನೆಯವರು ಸಹಿ ಮಾಡಬೇಕು. ನಿಮ್ಮ ಸಹಿ ಇದೆ, ಗುರುತಿನ ಜಾಗ ಖಾಲಿ. ಮೂರು ವರ್ಷದ ಹಿಂದೆ ಹಾಸಿಗೆ ಸುತ್ತಿಕೊಂಡು ಪಕ್ಕದ ಅಕ್ಕನ ಮನೆ ಸೇರಿದ ದಿನವೂ ನೀವು "ಇರ್ಲೋ, ಹೋಗ್ಲೋ, ನಿನ್ನಿಷ್ಟ" ಎಂದಿದ್ದಿರಿ. ನಾನು ಏನೂ ಹೇಳಲಿಲ್ಲ. ಹೇಳದೇ ಇದ್ದದ್ದು ಹೋಗಿ ಎಂದಂತೆ ಹೇಗಾಯಿತೋ, ನನಗಿನ್ನೂ ಬಗೆಹರಿದಿಲ್ಲ.

ಈ ಫಾರಂ ಕೊಟ್ಟ, ಹಳೆಯ ಕಟ್ಟಡಗಳನ್ನು ನೋಡುವ ಇಂಜಿನಿಯರ್ ಹುಡುಗಿ ಮೊನ್ನೆ ಅಟ್ಟ ಹತ್ತಿ, ತಲೆಯೆಲ್ಲ ಮಸಿ ಮಾಡಿಕೊಂಡು ಇಳಿದಳು. ಬಂದರಿನ ಕಂಪನಿ ಕೂಲಿಯವರಿಗೆ ಈ ಸಾಲುಮನೆ ಕಟ್ಟಿಸುವಾಗ ಇಟ್ಟಿಗೆ ಉಳಿಸಲು ಎರಡೆರಡು ಮನೆಗಳ ಒಲೆಗಳನ್ನು ಬೆನ್ನಿಗೆ ಬೆನ್ನು ಕೊಟ್ಟಂತೆ ಇಟ್ಟು, ಒಂದೇ ಹೊಗೆಗೂಡು ಎತ್ತಿಸಿತಂತೆ. "ಅದಕ್ಕೇ ಮೇಡಂ, ಇಲ್ಲಿ ಒಲೆ ಹಚ್ಚಿದ್ರೆ ಅಲ್ಲಿ ಗೋಡೆ ಬೆಚ್ಚಗಾಗತ್ತೆ. ಕಂಜೂಸ್‌ತನ ಮಾಡಿದ್ರೂ ಚೆನ್ನಾಗೇ ಮಾಡಿದ್ದಾರೆ!" ಎಂದಳು. ಈಗ ಅದು ಬಿರುಕು ಬಿಟ್ಟಿದೆ. ಕೆಡವಿದರೆ ಎರಡು ಕಡೆಯ ಒಲೆಯನ್ನೂ ಮುಚ್ಚಿ ದಪ್ಪ ಗೋಡೆ ಎಬ್ಬಿಸುತ್ತಾರೆ. ನನ್ನ ಕವಿತೆ ಪುಸ್ತಕಗಳಿಗೆ ಒಂದು ಕಪಾಟಿನಷ್ಟು ಜಾಗ ಸಿಗುತ್ತದೆ. ಕಪಾಟು ಬೇಕು. ಬೇಡವೂ ಹೌದು.

ನಿಮ್ಮ ಅಕ್ಕ ಹೊಸ್ತಿಲಲ್ಲೇ ನಿಂತು, "ಸಂಜೆ ಬಂದರಿನ ಕೆಲಸದಿಂದ ಒದ್ದೆಯಾಗಿ ಬಂದವನೇ ಆ ಗೋಡೆಗೆ ಬೆನ್ನು ಕೊಟ್ಟು ಕೂತ್ಕೋತಾನೆ ಕಣೇ, ಥೇಟ್ ಬೆಕ್ಕು. ಕೆಡವಿಸಿದ್ರೆ ಎಲ್ಲಿ ಕೂರ್ತಾನೋ!" ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಪೆನ್ನು ಹಿಡಿದು ಮೂರು ಸಲ ಕೂತೆ, ಮೂರು ಸಲ ಎದ್ದೆ. ನೀವು ಅಲ್ಲಿ ಕೂರುವುದು ಬಿಸಿಗೋ, ಬರೀ ಅಭ್ಯಾಸಕ್ಕೋ, ಮತ್ತೇತಕ್ಕೋ? ಕೇಳಿದರೆ "ನಿನಗೆ ಹೇಗನಿಸುತ್ತೋ ಹಾಗೆ" ಎನ್ನುತ್ತೀರಿ.

ನಾನೂ ಸಹಿ ಮಾಡಿದ್ದೇನೆ. ಗುರುತು ಹಾಕಿಲ್ಲ. ಈ ಸಲ ನನ್ನಿಷ್ಟವಲ್ಲ. ಶನಿವಾರ ಆ ಹುಡುಗಿ ಬರುವ ಮೊದಲು ನೀವೇ ಹಾಕಿ.

ಇಂತು,
ಬೆನ್ನಹಿಂದಿನ ಮನೆಯವಳು

ತಾ.ಕ.: ಗುರುತು ಹಾಕುವ ಮುಂಚೆ ಇದೊಂದು ತಿಳಿದಿರಲಿ. ನನ್ನ ಮನೆಗೆ ಗ್ಯಾಸ್ ಬಂದು ಎರಡು ವರ್ಷವಾಯಿತು. ಸಂಜೆ ಆರಕ್ಕೆ ಈ ಕಡೆ ಉರಿಯುವ ಸೌದೆ ಒಲೆಯ ಮೇಲೆ ಪಾತ್ರೆ ಇರುವುದಿಲ್ಲ.