ತಕರಾರಿಲ್ಲದ ಕೇಸು

ವರ್ಕ್‌ಶಾಪು, ಬುಧವಾರ ಮಧ್ಯಾಹ್ನ

ಅಕ್ಷರ ಬರೆಯುವ ಮಹಾರಾಯರಿಗೆ, ಬಣ್ಣ ತುಂಬುವವಳ ನಮಸ್ಕಾರ.

ನಿಮ್ಮಕ್ಕನ ಮನೆಯಲ್ಲಿ ಸುಖವಾಗಿದ್ದೀರೆಂದು ನಂಬಿದ್ದೇನೆ. ಅಲ್ಲಿ ನಿಮ್ಮ ಮಾತಿಗೆ ಯಾರೂ ಎದುರಾಡುವುದಿಲ್ಲವಂತೆ. ಪಾಪ.

ನಿನ್ನೆ ನಮ್ಮ ವಿಚ್ಛೇದನದ ಕಾಗದಕ್ಕೆ ಸಹಿ ಹಾಕಲು ವಕೀಲಮ್ಮನ ಹತ್ತಿರ ಹೋಗಿದ್ದೆ. ಮೊದಲ ಪುಟದಲ್ಲೇ ಒಂದು ಇಂಗ್ಲಿಷ್ ಪದ ಸಿಂಹಾಸನ ಹಾಕಿಕೊಂಡು ಕೂತಿತ್ತು: ಅನ್‌ಕಂಟೆಸ್ಟೆಡ್. ಇದ್ಯಾವ ದೊಡ್ಡ ಮನುಷ್ಯ ಎಂದು ಕೇಳಿದೆ. "ತಕರಾರಿಲ್ಲದ್ದು ಅಂತ. ಇಬ್ರಲ್ಲಿ ಯಾರೂ ಬೇಡ ಅನ್ನಲ್ಲ. ಜಡ್ಜು ಒಂದು ಮಾತು ಕೇಳ್ತಾರೆ, ಮುಗೀತು," ಎಂದರು. ಚುನಾವಣೆಯಲ್ಲಿ ಎದುರಾಳಿಯೇ ಇಲ್ಲದೆ ಗೆದ್ದರೂ ಇದೇ ಪದವಂತೆ. ಸತ್ತವರ ಉಯಿಲಿಗೆ ನೆಂಟರು ಅಡ್ಡಗಾಲು ಹಾಕದಿದ್ದರೂ ಇದೇ. ನಾನು ಬೆರಗಾಗಿ ಕೂತೆ. ಪ್ರಪಂಚದಲ್ಲಿ ತಕರಾರಿಲ್ಲದ ಸಂಗತಿಗಳು ಇಷ್ಟೊಂದಿವೆಯೇ? ಒಂದಾದರೂ ನಮ್ಮ ಮನೆ ಕಡೆ ಇಣುಕಬಾರದಿತ್ತೇ?

ನಮ್ಮ ವರ್ಕ್‌ಶಾಪಿನಲ್ಲಿ ಬರೆದ ಅಂಗಡಿ ಬೋರ್ಡು ಬಾಗಿಲು ದಾಟಬೇಕಾದರೆ ಇಬ್ಬರೂ ಅದರ ಮುಂದೆ ನಿಂತು ಜಗಳವಾಡಲೇಬೇಕು. "ಈ ಹಳದಿಗೆ ಕಾಮಾಲೆ ಬಂದಿದೆ ಕಣೇ" ಎಂದು ನೀವು, "ನಿಮ್ಮಕ್ಷರ ಕುಡಿದು ನಿಂತಿದೆ" ಎಂದು ನಾನು. ಹೊರಗೆ ಬೆಂಚಿನ ಮೇಲಿದ್ದ ಗಿರಾಕಿಗೆ, ಒಳಗೆ ಸದ್ದಡಗಿದರೆ ಬೋರ್ಡು ಸಿದ್ಧವೆಂದು ಅರ್ಥ.

ನಿನ್ನೆ ವಾಪಸು ಬರುವಾಗ ಆ ಬೋರ್ಡುಗಳನ್ನೆಲ್ಲ ನಿಂತು ನಿಂತು ನೋಡಿದೆ. ಬೇಕರಿಯದು, ಚಪ್ಪಲಿ ಅಂಗಡಿಯದು, ಬೀಗ ರಿಪೇರಿಯವನದು. ಸಂಜೆ ಬಿಸಿಲಿಗೆ ಬೀದಿಯೇ ಹೊತ್ತಿಕೊಂಡಂತಿತ್ತು. ನಿಮ್ಮ ಗೆರೆ ಎಲ್ಲಿ ಮುಗಿದು ನನ್ನ ಬಣ್ಣ ಎಲ್ಲಿ ಶುರುವಾಗುತ್ತದೋ ಬಳಿದ ನನಗೇ ತಿಳಿಯಲಿಲ್ಲ. ಇದನ್ನೆಲ್ಲ ನಮ್ಮಂಥ ಜಗಳಗಂಟರು ಮಾಡಿದರೇ ಎಂದು ಮೈ ಜುಮ್ಮೆಂದಿತು.

ಒಂದು ವಿಷಯ ಆಗ ಹೊಳೆಯಿತು. ನೀವು ಮನೆ ಬಿಟ್ಟದ್ದು ಜಗಳವಾಡಿ ಅಲ್ಲ. ಅದೊಂದು ದಿನ ನಾನು "ನಿಮ್ಮಿಷ್ಟ" ಅಂದೆ, ನೀವು "ನಿನ್ನಿಷ್ಟ" ಅಂದಿರಿ. ಅಷ್ಟೇ. ನಮ್ಮ ಮೊದಲ ಅನ್‌ಕಂಟೆಸ್ಟೆಡ್ ಸಂಗತಿ ಅದೇ ಇರಬೇಕು.

ಸೋಮವಾರ ಜಡ್ಜು ಆ ಒಂದು ಮಾತು ಕೇಳುತ್ತಾರೆ. ವಕೀಲಮ್ಮನ ಪೆನ್ನು ಸರಿಯಿಲ್ಲವೆಂದು ನೆಪ ಹೇಳಿ ಕಾಗದವನ್ನು ಸಹಿ ಹಾಕದೆ ಹಾಗೇ ಮನೆಗೆ ತಂದಿದ್ದೇನೆ.

ಇಂತಿ,
ಈವರೆಗೂ ನಿಮ್ಮ ಎದುರು ಪಾರ್ಟಿ

ತಾ.ಕ.: ಹಲ್ಲಿನ ಡಾಕ್ಟರ ಬೋರ್ಡನ್ನು ಒಬ್ಬಳೇ ಬರೆದೆ. ಬೇಡ ಅನ್ನುವವರಿಲ್ಲದೆ ರಕ್ತಗೆಂಪು ಸುರಿದುಬಿಟ್ಟೆ. ಬಾಗಿಲವರೆಗೆ ಬಂದ ರೋಗಿಗಳು ನೋವೇ ಇಲ್ಲವೆಂದು ತಿರುಗಿ ಹೋಗುತ್ತಿದ್ದರಂತೆ. ಡಾಕ್ಟರು ಬೋರ್ಡನ್ನು ವಾಪಸು ತಂದು ಗೋಡೆಗೊರಗಿಸಿ ಹೋಗಿದ್ದಾರೆ. ಸೋಮವಾರದೊಳಗೆ ಬಂದು ಬೈಯಿರಿ. ಕೆಂಪೇ ಸರಿ ಎಂದು ನಾನು ವಾದಿಸುತ್ತೇನೆ.