ನನ್ನ ಹಾಡು ಬಂದರೆ ಯಾರೋ ಹೋದರು

ಸೆಪ್ಟೆಂಬರ್ 10, 2004. ಶುಕ್ರವಾರ, ಬೆಳಗ್ಗೆ 8
ಹಸಿಮೊಟ್ಟೆ, ಜೇನು, ಅರ್ಧ ಚಮಚ ಹಣ್ಣಿನ ಸಾರಾಯಿ ರಾಕಿಯಾ. ಗಂಟಲಿಗೆ ಮೂವತ್ತು ವರ್ಷದಿಂದ ನಡೆದು ಬಂದ ನೈವೇದ್ಯ. ಆಮೇಲೆ ಐದು ನಿಮಿಷ ಆಲಾಪ. ಪಕ್ಕದ ಮನೆಯ ನಾಯಿ ಎಂದಿನಂತೆ ಜೊತೆಗೂಡಿತು. ಅದರ ಶ್ರುತಿ ಈಚೆಗೆ ಸುಧಾರಿಸಿದೆ.

ಫೋನ್. ನಾಳೆಯ ಮದುವೆಯವರು, ಹುಡುಗನ ಸೋದರಮಾವ.

"ರುಜಿತ್ಸಾ ಅವ್ರೇ, ನಾಳೆ ನೀವು ಬರೋದು ಬೇಡ. ಬ್ಯಾಂಡ್ ಬರ್ಲಿ, ಶಾಂದೋರ್ ಅಕಾರ್ಡಿಯನ್ ತಗೊಂಡು ಬರ್ಲಿ. ನೀವು ರೆಸ್ಟ್ ತಗೊಳ್ಳಿ."

"ನನಗೇನಾಗಿದೆ ರೆಸ್ಟ್ ತಗೊಳ್ಳೋಕೆ?"

"ನಿಮಗೇನೂ ಆಗಿಲ್ಲ. ನಮಗೆ ಏನೂ ಆಗ್ಬಾರ್ದು, ಅದಕ್ಕೆ."

ಆಗಸ್ಟಿನಿಂದೀಚೆಗೆ ಇದು ಐದನೆಯದು.

ಎಲ್ಲದಕ್ಕೂ ಕಾರಣ ಆ ಹಾಡು. 'ನಿಧಾನ, ನದಿಯೇ'. ಎಂಬತ್ತೊಂಬತ್ತರಲ್ಲಿ ಹಾಡಿದ್ದು. ರೇಡಿಯೋದಲ್ಲಿ ಎರಡು ಬೇಸಿಗೆ ತೇಲಿತು, ಮುಳುಗಿತು. ಆಮೇಲೆ ಹದಿನೈದು ವರ್ಷ ಮದುವೆಗಳಲ್ಲಿ ಅದರದ್ದೇ ಕಾರುಬಾರು. ಮದುಮಕ್ಕಳ ಮೊದಲ ಕುಣಿತ ಎಂದರೆ ಅದೇ. ನಮ್ಮೂರು ಕಿಕಿಂದಾದ ಅರ್ಧ ದಂಪತಿಗಳು ನನ್ನ ದನಿಯಲ್ಲೇ ಒಬ್ಬರ ಕಾಲು ಒಬ್ಬರು ತುಳಿದವರು. ಈ ವಸಂತದಲ್ಲಿ ಬೆಲ್‌ಗ್ರೇಡಿನ ಒಬ್ಬ ನಿರ್ದೇಶಕ ಅದನ್ನು ಹುಡುಕಿ ತೆಗೆದ. 'ಕೊನೆಯ ದೋಣಿ' ಎಂಬ ಸೀರಿಯಲ್ಲಿಗೆ ಶೀರ್ಷಿಕೆ ಗೀತೆ! ಕೇಕ್ ಮಾಡಿ ಬೀದಿಗೆಲ್ಲ ಹಂಚಿದೆ. ಮೂರ್ಖಳು. ಕತೆ ಏನೆಂದು ಕೇಳಲಿಲ್ಲ.

ಪ್ರತಿ ಗುರುವಾರ. ಮಂಜು, ನದಿ, ಖಾಲಿ ದೋಣಿ. ನನ್ನ ದನಿ, ನಲವತ್ತು ಸೆಕೆಂಡು. ಅಷ್ಟರಲ್ಲಿ ಯಾರೋ ಒಬ್ಬರು ಸಾಯುತ್ತಾರೆ. ಕಂತಿನ ನಡುವೆ ಮತ್ತೆ ಹಾಡು, ಮತ್ತೊಬ್ಬರು. ಊರಿಗೆ ಪಾಠ ಬಾಯಿಪಾಠವಾಗಿದೆ: ಹಾಡು ಬಂತು, ಯಾರೋ ಹೋದರು.

ಸೆಪ್ಟೆಂಬರ್ 23, ಗುರುವಾರ
ಸಂತೆ. ಊರೆಲ್ಲ ಕೆಂಪು ದಪ್ಪಮೆಣಸಿನಕಾಯಿ ಸುಟ್ಟ ವಾಸನೆ. ಚಳಿಗಾಲದ ಚಟ್ನಿಗೆ ಹತ್ತು ಕಿಲೋ ಆರಿಸುತ್ತಿದ್ದೆ. ಬಾಯಿ ತಾನಾಗಿ ಗುನುಗಿತು. ಮಾರುವವಳ ಕೈಯಿಂದ ತಕ್ಕಡಿ ಬಿತ್ತು.

"ಅಯ್ಯೋ ತಾಯಿ, ಅದೊಂದು ಬೇಡ! ನನ್ನ ಗಂಡ ಲಾರಿ ತಗೊಂಡು ಹಂಗೇರಿಗೆ ಹೋಗಿದಾನೆ." ಮೂರು ಸಲ ಥೂ ಥೂ ಥೂ. "ಮೆಣಸಿನಕಾಯಿ ಹಾಗೇ ತಗೊಂಡು ಹೋಗಿ. ದುಡ್ಡು ಬೇಡ. ಬಾಯಿ ಮುಚ್ಕೊಂಡು ಹೋದ್ರೆ ಸಾಕು."

ಹಾಡದೇ ಇರುವುದಕ್ಕೆ ಸಂಭಾವನೆ. ಸಂಗೀತದ ಇತಿಹಾಸದಲ್ಲಿ ನಾನೇ ಮೊದಲಿಗಳಿರಬೇಕು.

ಮನೆಗೆ ಬಂದು ನಿರ್ದೇಶಕನಿಗೆ ಪತ್ರ ಬರೆದೆ. 'ಸ್ವಾಮೀ, ಒಂದೇ ಒಂದು ಕಂತಿನಲ್ಲಿ ಯಾರನ್ನೂ ಸಾಯಿಸಬೇಡಿ. ಒಂದು ಮಗು ಹುಟ್ಟಿದರೂ ನನ್ನ ಜೀವನ ನಡೆಯುತ್ತದೆ.'

ಅಕ್ಟೋಬರ್ 9, ಶನಿವಾರ
ಬೀಗರು ಊಟಕ್ಕೆ ಬಂದಿದ್ದರು. ನನ್ನ ಮಗಳು ತಿಯಾನಾ, ಅವಳನ್ನು ಮದುವೆಯಾಗುವ ಬೊಯಾನ್, ಅವನ ತಾಯಿ ರದೋಯ್ಕಾ. ಮದುವೆ ನವೆಂಬರ್ 20ಕ್ಕೆ. ಆಮೇಲೆ ಕ್ರಿಸ್‌ಮಸ್ಸಿನ ಉಪವಾಸ ಶುರು, ಚರ್ಚಿನಲ್ಲಿ ಮದುವೆ ಇಲ್ಲ.

ಸೂಪು ಮುಗಿಯುವವರೆಗೆ ಎಲ್ಲ ಚೆನ್ನಾಗಿತ್ತು.

"ಬೀಗಿತ್ತಿ, ಒಂದು ಮಾತು. ಕೋಪ ಮಾಡ್ಕೋಬೇಡಿ," ಎಂದಳು ರದೋಯ್ಕಾ.

"ಹಾಗಂತ ಶುರುವಾದ ಮಾತಿಗೆ ಕೋಪ ಮಾಡ್ಕೊಳ್ದೇ ಇರೋರು ಹುಟ್ಟಿದಾರಾ? ಹೇಳಿ."

"ನಮ್ಮ ಮಾವನೋರಿಗೆ ತೊಂಬತ್ತೊಂದು. ಎದೇಲಿ ಮಿಷನ್ ಇಟ್ಟಿದಾರೆ. ಮೊಮ್ಮಗನ ಮದುವೆ ನೋಡ್ಲೇಬೇಕು ಅಂತ ಜೀವ ಹಿಡ್ಕೊಂಡಿದಾರೆ. ನೀವು… ಆ ಹಾಡು ಮಾತ್ರ ಅಲ್ಲ. ಯಾವುದೂ ಬೇಡ. ಜನಕ್ಕೆ ನಿಮ್ಮ ದನಿ ಕೇಳಿದ್ರೇನೇ…"

"'ಉಪ್ಪು ಕೊಡಿ' ಅಂತ ಕೇಳ್ಬಹುದಾ, ಇಲ್ಲ ಚೀಟೀಲಿ ಬರೆದು ಕೊಡ್ಲಾ?"

ಬೊಯಾನ್ ನಕ್ಕ. ತಿಯಾನಾ ನಗಲಿಲ್ಲ.

ಅವರು ಹೋದಮೇಲೆ ಪಾತ್ರೆ ಒರೆಸುತ್ತ, ನನ್ನ ಕಡೆ ನೋಡದೆ:

"ಅಮ್ಮಾ, ಒಂದೇ ಒಂದು ದಿನ. ಅಮ್ಮ ಆಗಿರು, ಸಾಕು. ಗಾಯಕಿ ಆಗೋದು ಬೇಡ."

"ನಿನಗೂ ಹೆದರಿಕೆಯೇನೇ?"

"ನನಗಿಲ್ಲ. ಆದ್ರೆ ನಾಳೆಯಿಂದ ಆ ಮನೇಲಿ ಇರ್ಬೇಕಾದೋಳು ನಾನು. ಅಜ್ಜನಿಗೆ ಏನಾದ್ರೂ ಆದ್ರೆ ಸಾಯೋ ತನಕ ನನ್ನ ತಟ್ಟೇಲಿ ಅದನ್ನೇ ಬಡಿಸ್ತಾರೆ."

"ಸರಿ. ನಿನ್ನಾಣೆ, ಬಾಯಿ ಬಿಡಲ್ಲ."

ಪಾತ್ರೆ ಒರೆಸಿದಳು. ಒಣಗಿದ್ದನ್ನೂ ಒರೆಸಿದಳು.

ಅಕ್ಟೋಬರ್ 31, ಭಾನುವಾರ
ಮೂರು ವಾರ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಬುಕಿಂಗ್ ಒಂದೂ ಇಲ್ಲ. ಹಸಿಮೊಟ್ಟೆ ನಿಲ್ಲಿಸಿದೆ. ಯಾರಿಗಾಗಿ?

ಚೌಕದ ಮರಗಳಿಗೆ ಗೂಬೆಗಳು ಬಂದಿವೆ, ಪ್ರತಿ ವರ್ಷದಂತೆ ನೂರಾರು. ಅಪಶಕುನವಂತೆ ಅವೂ. ಆದರೆ ಅವನ್ನು ನೋಡಲು ಹೊರದೇಶದಿಂದ ಬಸ್ಸು ಮಾಡಿಕೊಂಡು ಬರುತ್ತಾರೆ. ಗೂಬೆಗೆ ಫೋನ್ ಮಾಡಿ 'ರೆಸ್ಟ್ ತಗೊಳ್ಳಿ' ಎಂದವರಿಲ್ಲ.

ನಿರ್ದೇಶಕನ ಕಚೇರಿಯಿಂದ ಉತ್ತರ. ಸಹಿ ಹಾಕಿದ ಅವನ ಫೋಟೋ. 'ಅಭಿಮಾನಕ್ಕೆ ಧನ್ಯವಾದಗಳು.'

ಮಧ್ಯಾಹ್ನ ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಹಾಡಲು ನೋಡಿದೆ. ಮೇಲಿನ ಸ್ವರ ಬಿರುಕು ಬಿಟ್ಟಿತು. ನಲ್ಲಿಯ ದನಿಯೇ ವಾಸಿ. ನೆಲದ ಮೇಲೆ ಕೂತೆ. ಎಷ್ಟು ಹೊತ್ತೋ. ನೀರು ಚಪ್ಪಲಿ ತನಕ ಬಂದಾಗ ಎದ್ದೆ. ಹಾಡದಿದ್ದರೆ ನಾನು ಯಾರು ಎಂಬುದಕ್ಕೆ ಉತ್ತರ: ಹತ್ತು ಕಿಲೋ ಮೆಣಸಿನಕಾಯಿ ಪುಕ್ಕಟೆ ಪಡೆದವಳು.

ನವೆಂಬರ್ 21, ಭಾನುವಾರ, ಬೆಳಗ್ಗೆ
ಬರೆದುಬಿಡಬೇಕು. ಇಲ್ಲದಿದ್ದರೆ ನಾಳೆಯೊಳಗೆ ಊರಿನವರು ಹೇಳಿದ್ದನ್ನೇ ನಾನೂ ನಂಬುತ್ತೇನೆ.

ನಿನ್ನೆ ಮದುವೆ. ಚರ್ಚಿನಲ್ಲಿ ತುಟಿ ಕಚ್ಚಿಕೊಂಡು ನಿಂತೆ. ಛತ್ರದಲ್ಲಿ ಊಟ, ಎಲೆಕೋಸಿನಲ್ಲಿ ಮಾಂಸ ಸುತ್ತಿ ಬೇಯಿಸಿದ ಸರ್ಮಾ, ಹಂದಿ ಹುರಿದದ್ದು. ಬ್ಯಾಂಡು ನಮ್ಮದೇ, ನಾನೊಬ್ಬಳು ಅತಿಥಿ. ಶಾಂದೋರ್ ಅಕಾರ್ಡಿಯನ್ನಿನ ಹಿಂದಿನಿಂದ ಹುಬ್ಬಿನಲ್ಲೇ ಕೇಳಿದ: ಹೇಗಿದ್ದೀ? ಹುಬ್ಬಿನಲ್ಲೇ ಹೇಳಿದೆ: ಬಾರಿಸು ಸುಮ್ಮನೆ.

ನಾಲ್ಕು ಗಂಟೆಯ ಹೊತ್ತಿಗೆ ಮಿಲುತಿನ್ ಅಜ್ಜ ಎದ್ದ. ರದೋಯ್ಕಾಳ ಮಾವ. ಕೋಲೂರಿಕೊಂಡು ಸಭೆಯ ನಡುವೆ ನಡೆದು, ನೋಟೊಂದನ್ನು ಎಂಜಲು ಹಚ್ಚಿ ಶಾಂದೋರನ ಹಣೆಗೆ ಅಂಟಿಸಿದ.

ನಮ್ಮ ಕಸುಬಿಗೆ ಇರುವುದು ಇದೊಂದೇ ಶಾಸ್ತ್ರ. ನೋಟು ಅಂಟಿತೋ, ಕೇಳಿದ ಹಾಡು ಆಗಲೇಬೇಕು. ಪೂರ್ತಿ. ನೋಟು ಹಿಂದೆ ಕೊಟ್ಟರೆ ಕೇಳಿದವನಿಗೆ ನೂರು ಜನರ ಎದುರು ಕಪಾಳಕ್ಕೆ ಹೊಡೆದ ಹಾಗೆ.

"'ನಿಧಾನ, ನದಿಯೇ'. ಬೀಗಿತ್ತಿ ಹಾಡ್ಬೇಕು," ಎಂದ ಅಜ್ಜ.

ಚಮಚಗಳ ಸದ್ದು ನಿಂತಿತು.

"ಮಾವಾ, ಬೇರೆ ಯಾವ್ದಾದ್ರೂ ಕೇಳಿ!" ರದೋಯ್ಕಾ ಓಡಿ ಬಂದಳು.

"ಸುಮ್ನಿರಮ್ಮ. ಗುರುವಾರ ಗುರುವಾರ ಒಂದು ಚೂರು ಕೇಳ್ಸಿ ಯಾರನ್ನೋ ಕೊಂದು ಹಾಕ್ತಾರೆ. ಮಿಕ್ಕಿದ್ದೇನಾಯ್ತು ಅಂತ ಗೊತ್ತಾಗ್ದೆ ನಾನು ಹೇಗೆ ಸಾಯ್ಲಿ?"

ತಿಯಾನಾಳ ಕಡೆ ನೋಡಿದೆ. ಬಿಳಿ ಬಟ್ಟೆಯಲ್ಲಿ, ಬಿಳಿಚಿಕೊಂಡು, ತಲೆಯಾಡಿಸಿದಳು. ಬೇಡ. ಅಜ್ಜ ಕುರ್ಚಿ ಎಳೆದುಕೊಂಡು ನನ್ನೆದುರು ಕೂತ. ಕೈಯನ್ನು ಕೆನ್ನೆಗಾನಿಸಿದ. ಎಷ್ಟು ತಿಂಗಳಾಗಿತ್ತು, ಒಬ್ಬ ಮನುಷ್ಯ ನಾನು ಬಾಯಿ ತೆರೆಯಲಿ ಎಂದು ಕಾದು…

ಹಾಡಿದೆ. ದೇವರೇ, ಹಾಡಿದೆ. ಬಿರುಕಿಲ್ಲ, ಏನಿಲ್ಲ, ಹಾಲು ಸುರಿದ ಹಾಗೆ. ಯಾರೂ ಕುಣಿಯಲಿಲ್ಲ. ಎಲ್ಲರೂ ಅಜ್ಜನ ಎದೆಯನ್ನೇ ನೋಡುತ್ತಿದ್ದರು. ಮೊದಲ ಚರಣ ಮುಗಿಯಿತು, ಸೀರಿಯಲ್ಲಿನ ನಲವತ್ತು ಸೆಕೆಂಡು. ಎರಡನೆಯದಕ್ಕೆ ಉಸಿರೆಳೆದುಕೊಳ್ಳುವಾಗ ಕೈಯಿಂದ ಮೈಕ್ ಹೋಯಿತು. ಕಿತ್ತುಕೊಂಡವಳು ತಿಯಾನಾ.

"ನನ್ನಾಣೆ ಇಟ್ಟಿದ್ದೆ," ಎಂದಳು. ಮೈಕ್ ಆನ್ ಇತ್ತು. ನೂರು ಜನ ಕೇಳಿದರು.

ಅಜ್ಜ ಎದ್ದು ಕೋಲು ಹುಡುಕಿಕೊಂಡ. "ಪರವಾಗಿಲ್ಲ ಬಿಡಿ. ಮಿಕ್ಕಿದ್ದು ಆಮೇಲೆ."

ಹೊರಡುವಾಗ ಮಗಳು ಎಲ್ಲರಿಗೂ ಮುತ್ತು ಕೊಟ್ಟಳು. ಬಾಣಸಿಗನಿಗೂ.

ನವೆಂಬರ್ 23, ಮಂಗಳವಾರ
ಶಾಂದೋರನ ಫೋನ್. "ರುಜಾ, ಕೂತ್ಕೋ. ಮುದುಕಪ್ಪ ಬೆಳಗ್ಗೆ ಏಳ್ಲಿಲ್ಲ."

ತೊಂಬತ್ತೊಂದು ವರ್ಷ. ಎದೆಯಲ್ಲಿ ಮಿಷನ್. ಮೂರು ತಟ್ಟೆ ಸರ್ಮಾ. ಇವು ಯಾವುವೂ ಲೆಕ್ಕಕ್ಕಿಲ್ಲ. ಬೇಕರಿಯಲ್ಲಿ ನಾನು ಒಳಗೆ ಹೋದೆ, ಕ್ಯೂ ಹೊರಗೆ ಬಂತು. ಬ್ರೆಡ್ ಮಾತ್ರ ಬಿಸಿಯಾಗಿ ಸಿಕ್ಕಿತು.

ಸಂಜೆ ಫೋನಿನಲ್ಲಿ ತಿಯಾನಾ. ಒಂದೇ ವಾಕ್ಯ. "ಅಮ್ಮಾ, ಮಣ್ಣಿಗೆ ಬರ್ಬೇಡ." ಇಟ್ಟಳು.

ಅವಳ ದನಿಯಲ್ಲಿ ಕೋಪ ಇದ್ದಿದ್ದರೆ ಚೆನ್ನಾಗಿತ್ತು. ಏನೂ ಇರಲಿಲ್ಲ.

ನವೆಂಬರ್ 24, ಬುಧವಾರ
ಶಾಂದೋರ್ ಬಂದ. ಮೇಜಿನ ಮೇಲೆ ಆ ನೋಟು ಇಟ್ಟ. ಅಜ್ಜನ ಎಂಜಲು ಒಣಗಿ ಮೂಲೆ ಮುದುರಿದೆ.

"ಮುಟ್ಟೋಕೂ ಆಗ್ತಿಲ್ಲ. ವಾಪಸ್ ಕೊಡೋಣ ಅಂದ್ರೆ ಯಾರಿಗೆ ಕೊಡ್ಲಿ? ಅರ್ಧ ಹಾಡು ಉಳಿದಿದೆ ರುಜಾ."

"ಮಗಳು ಬರ್ಬೇಡ ಅಂದಿದಾಳೆ."

"ಮಗಳ ಮಾತು ದೊಡ್ಡದು. ಒಪ್ಕೋತೀನಿ. ಆದ್ರೆ ನಿನ್ನ ಜೀವಮಾನದಲ್ಲಿ ಆ ಹಾಡಿನ ಎರಡನೇ ಚರಣ ಬೇಕು ಅಂತ ಯಾರಾದ್ರೂ ಕೇಳಿದ್ರಾ? ಒಬ್ಬ ಕೇಳ್ದ. ಪೆಟ್ಟಿಗೇಲಿದಾನೆ."

"ಹೋದ್ರೆ ಮಗಳಿಲ್ಲ. ಹೋಗ್ದಿದ್ರೆ ಕಸುಬಿಲ್ಲ. ಚೆನ್ನಾಗಿದೆ ಕಣೋ."

"ಕಸುಬು ಹೇಗೂ ಹೋಗಿದೆ," ಎಂದ ಶಾಂದೋರ್. ಸಾಂತ್ವನ ಹೇಳುವುದರಲ್ಲಿ ಇವನಂಥ ಹಂಗೇರಿಯವರನ್ನು ಮೀರಿಸುವವರಿಲ್ಲ.

ನವೆಂಬರ್ 25, ಗುರುವಾರ, ಸಂಜೆ 5
ಹೋದೆ.

ಮೂರು ಸಾಲು ಆಚೆ, ಯಾರದೋ ಕಲ್ಲಿನ ಹಿಂದೆ ನಿಂತೆ. ಪಾದ್ರಿ ಮುಗಿಸಿದರು. ಮಣ್ಣು ಹಾಕಿದರು, ಬೇಯಿಸಿದ ಗೋಧಿ ಹಂಚಿದರು, ಸಮಾಧಿಗೆ ರಾಕಿಯಾ ಸುರಿದರು. ಶಾಂದೋರ್ ಅಕಾರ್ಡಿಯನ್ ಬಿಚ್ಚಿದ. ಸೀದಾ ಎರಡನೇ ಚರಣದಿಂದ ಹಿಡಿದೆ. ಜನ ತಿರುಗಿದರು. ಇದು ಯಾವ ಹಾಡು ಎಂದು ಅರ್ಧ ಜನಕ್ಕೆ ಗೊತ್ತೇ ಆಗಲಿಲ್ಲ. ಟೀವಿಯಲ್ಲಿ ಅಷ್ಟು ಹೊತ್ತಿಗೆ ಹೆಣ ಬಿದ್ದಾಗಿರುತ್ತದೆ. ರದೋಯ್ಕಾಗೆ ಗೊತ್ತಾಯಿತು. ಥೂ ಥೂ ಥೂ ಎಂದು ಗಂಡನ ತೋಳು ಹಿಡಿದು ಹೊರಟಳು. ಹಿಂದೆಯೇ ಒಬ್ಬೊಬ್ಬರಾಗಿ ಎಲ್ಲರೂ.

ತಿಯಾನಾ ನನ್ನ ಪಕ್ಕದಿಂದಲೇ ಹೋದಳು. ಕಪ್ಪು ಕೋಟು ನನ್ನ ಕೈಗೆ ತಾಗಿತು. ನಿಲ್ಲಲಿಲ್ಲ.

ಕಣ್ಣು ಮುಚ್ಚಿಕೊಂಡು ಹಾಡಿದೆ. ಒಪ್ಪಿಕೊಂಡ ಹಾಡು, ಪೂರ್ತಿ ಆಗಬೇಕು. ಮೇಲಿನ ಸ್ವರ ಬಿರಿಯಿತು. ಬಿರಿಯಲಿ. ಅಜ್ಜ ದೂರು ಕೊಡುವುದಿಲ್ಲ.

ಮುಗಿಸಿ ತಿರುಗಿದರೆ ಅವಳು ಗೇಟಿನ ಆಚೆ. ಕಂಬಿ ಹಿಡಿದು ನಿಂತಿದ್ದಾಳೆ, ನನಗೆ ಬೆನ್ನು ಹಾಕಿ. ಹತ್ತಿರ ಹೋದೆ. ತಿರುಗಲಿಲ್ಲ.

"ನೀನು ಒಂದು ಸಾಲು ಬಿಟ್ಟೆ," ಎಂದಳು.

"ಏನು?"

"ಎರಡನೇ ಚರಣದಲ್ಲಿ. ಒಂದು ಸಾಲು ಬಿಟ್ಟೆ ಅಮ್ಮಾ. ಅಜ್ಜ ಅಷ್ಟು ಕಾದಿದ್ದ. ಅದನ್ನೂ ಸರಿಯಾಗಿ ಹಾಡಕ್ಕಾಗ್ಲಿಲ್ವಾ ನಿನಗೆ?"

"ಯಾವ ಸಾಲೇ?"

ಹೇಳಲಿಲ್ಲ. ಅಳುತ್ತಿದ್ದಳು. ಬೊಯಾನ್ ಕಾರಿನ ಬಾಗಿಲು ತೆರೆದು ಹಿಡಿದಿದ್ದ. ಹತ್ತಿದಳು. ಹೋದಳು.

ಆಗಿನಿಂದ ಅಡುಗೆಮನೆಯಲ್ಲಿ ಕೋಟು ಕೂಡ ತೆಗೆಯದೆ ಕೂತಿದ್ದೇನೆ. ಯಾವ ಸಾಲು? ಬರೆದಿಟ್ಟ ಹಾಳೆ ಎಂದೋ ಹೋಯಿತು. ರೆಕಾರ್ಡಿನಲ್ಲೂ ಮೊದಲ ಚರಣವನ್ನೇ ಎರಡು ಸಲ ಹಾಡಿಸಿದ್ದರು. ಮದುವೆಗಳಲ್ಲಿ ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಮದುಮಕ್ಕಳಿಗೆ ಸುಸ್ತಾಗಿ ನಿಲ್ಲಿಸುತ್ತಿದ್ದೆ. ಪೂರ್ತಿ ಹಾಡು ಕೇಳಿದವಳು ಭೂಮಿಯ ಮೇಲೆ ಅವಳೊಬ್ಬಳೇ. ಆರು ವರ್ಷದವಳಿದ್ದಾಗ, ಹೊದಿಕೆಯೊಳಗಿನಿಂದ, ನಾನು ಮುಗಿಯಿತು ಎಂದರೆ 'ಇನ್ನೂ ಇದೆ' ಎನ್ನುತ್ತಿದ್ದಳು.

ಆ ಸಾಲು ಸಿಕ್ಕರೆ ಅವಳಿಗೆ ಫೋನ್ ಮಾಡಿ ಹೇಳಬಹುದು. ಸಾಲು ಹೇಳುವುದಕ್ಕೆ ಮಾಡಿದ ಫೋನನ್ನು ಇಡಲಾರಳು. ಮೊದಲಿನಿಂದ ಬರುತ್ತೇನೆ, ನಿಧಾನವಾಗಿ.

ನಿಧಾನ, ನದಿಯೇ, ನಿಧಾನ,
ದೋಣಿಗಿನ್ನೂ ನಿದ್ದೆಗಣ್ಣು…
ಇದಲ್ಲ. ಎರಡನೆಯದು—

ದಡದ ದೀಪ ಆರಿತೆಂದು
ಹೆದರಬೇಡ, ನಾನು…