ಕಸಿ ಚಾಕು ಸೋಕಿದ ಹರಳು

ಬಣಕಲ್
೨೧ ಏಪ್ರಿಲ್ ೨೦೨೪, ಭಾನುವಾರ. ರಜೆಯ ಕೊನೆಯ ದಿನ.

ಪ್ರೀತಿಯ ಅಪ್ಪಾ,

ಮೊಣಕಾಲು ನೋವು ಹೇಗಿದೆ? ಕಳಸದ ಎಸ್ಟೇಟಿನಲ್ಲಿ ಕಾಫಿ ಕಸಿಯ ಕೆಲಸ ಇನ್ನೂ ಎರಡು ವಾರ ಇದೆಯೆಂದು ಅಮ್ಮ ಹೇಳಿದರು. ಕುಕ್ಕರಗಾಲಲ್ಲಿ ಕೂರಬೇಡಿ, ಮಣೆ ಕೇಳಿ ತೆಗೆದುಕೊಳ್ಳಿ. ನಾನು ನಾಳೆ ಬೆಳಗಿನ ಬಸ್ಸಿಗೆ ಲ್ಯಾಬಿಗೆ ಹೊರಡುತ್ತೇನೆ. ಫೋನಿನಲ್ಲಿ ಮೂರು ಸಲ ಹೇಳಹೊರಟು, ಮೂರು ಸಲವೂ ಮಳೆಯ ಸುದ್ದಿ ಕೇಳಿ ಇಟ್ಟುಬಿಟ್ಟೆ. ಅದಕ್ಕೇ ಈ ಪತ್ರ.

ನನ್ನ ಕೆಲಸ ನಿಮಗೆ ಗೊತ್ತು. ಪುಡಿಗಳನ್ನು ಗಾಜಿನ ಕೊಳವೆಯಲ್ಲಿ ಮುಚ್ಚಿ, ಕುಲುಮೆಯಲ್ಲಿ ಕರಗಿಸಿ, ಇಪ್ಪತ್ತು ದಿನ ನಿಧಾನವಾಗಿ ಆರಿಸಿದರೆ ಹರಳು ಬೆಳೆಯುತ್ತದೆ. ಅದಕ್ಕೆ ಕೂದಲಿಗಿಂತ ತೆಳುವಾದ ನಾಲ್ಕು ತಂತಿ ಅಂಟಿಸಿ ವಿದ್ಯುತ್ ಹೇಗೆ ಹರಿಯುತ್ತದೆಂದು ನೋಡುತ್ತೇವೆ. ಇನ್ನೊಂದು ಯಂತ್ರದಲ್ಲಿ ಕಾಂತಗುಣ ಅಳೆಯುತ್ತೇವೆ. ಹರಳು ಪದರ ಪದರವಾಗಿರುವುದರಿಂದ ಮೊದಲು ಸೀಳಬೇಕು. ನಾನು ಮನೆಯಿಂದ ಒಯ್ದಿದ್ದ ನಿಮ್ಮ ಹಳೆಯ ಕಸಿ ಚಾಕುವಿನಷ್ಟು ನಯವಾಗಿ ಲ್ಯಾಬಿನ ಯಾವುದೂ ಸೀಳಲಿಲ್ಲ, ಅದರಲ್ಲೇ ಸೀಳಿದೆ. ಯಾರೂ ನಿರೀಕ್ಷಿಸದ ಕಾಂತಗುಣ ಆ ಹರಳಿನಲ್ಲಿ ಕಂಡಿತು. ಪ್ರಬಂಧ ಅಚ್ಚಾಯಿತು. ನೀವು ಅದರ ಪ್ರತಿಯನ್ನು ಜೇಬಿನಲ್ಲಿಟ್ಟುಕೊಂಡು ಮೇಸ್ತ್ರಿ ಏಕಾಂತಪ್ಪನಿಗೆ, “ನಮ್ ಚಾಕು ಎಲ್ಲಿಗೆ ಹೋಯ್ತು ನೋಡು ಮಾರಾಯ” ಅಂದಿರಂತೆ.

ಅಪ್ಪಾ, ಆ ಕಾಂತಗುಣ ಹರಳಿನದಲ್ಲ, ಚಾಕುವಿನ ಕಬ್ಬಿಣದ್ದು. ಕಣ್ಣಿಗೆ ಕಾಣದ ಚೂರು ಅಂಚಿಗೆ ಹತ್ತಿತ್ತು. ಹರಳಿಗೆ ಉಕ್ಕು ಸೋಕಿಸಬಾರದೆಂಬುದು ನಮ್ಮಲ್ಲಿ ಮೊದಲ ವಾರದ ಪಾಠ. ಮಾರ್ಚಿನಲ್ಲಿ ಅದೇ ಹರಳಿನ ಉಳಿದ ತುಂಡನ್ನು ಟೇಪು ಅಂಟಿಸಿ ಸುಲಿದು ಅಳೆದೆ. ಏನೂ ಇರಲಿಲ್ಲ. ಐದು ವಾರದಿಂದ ಗೊತ್ತಿದೆ, ಯಾರಿಗೂ ಹೇಳಿಲ್ಲ.

ನನ್ನ ನಂತರ ಸೇರಿದ ದಿವ್ಯಾ ಆ ಪ್ರಬಂಧ ನಂಬಿ ಅದೇ ಹರಳನ್ನು ಹನ್ನೊಂದು ಸಲ ಬೆಳೆಸಿದ್ದಾಳೆ. ಪ್ಲಾಸ್ಟಿಕ್ ಚಿಮಟ ಬಿಟ್ಟು ಬೇರೇನೂ ಸೋಕಿಸುವುದಿಲ್ಲ. ಒಂದರಲ್ಲೂ ಕಾಂತಗುಣ ಬಂದಿಲ್ಲ. ನಾನು ರಜೆಗೆ ಹೊರಡುವ ಹಿಂದಿನ ದಿನ, “ಅಕ್ಕಾ, ನನ್ನ ಕೈಗುಣಾನೇ ಸರಿ ಇಲ್ಲ” ಎಂದು ಕಣ್ಣೊರೆಸಿಕೊಂಡಳು. ನಾನು, “ಇನ್ನೂ ನಿಧಾನ ಆರಿಸಿ ನೋಡು” ಎಂದೆ. ಎಂದುಬಿಟ್ಟೆ. ಒಂದು ವರ್ಷ ಕಸಿ ಹಿಡಿಯದಿದ್ದಾಗ ನೀವು ಸಾಹುಕಾರರ ಎದುರೇ, “ಗಿಡದ್ದೇನೂ ತಪ್ಪಿಲ್ಲ, ಚಾಕು ನಾನೇ ಒರೆಸಿರ್ಲಿಲ್ಲ” ಎಂದದ್ದು ನನಗೆ ನೆನಪಿದೆ. ನಾನು ಪಕ್ಕದಲ್ಲೇ ನಿಂತಿದ್ದೆ.

ಮಧ್ಯಾಹ್ನದ ಊಟ ತಪ್ಪಿಸಬೇಡಿ. ದೂರದಿಂದಲೇ ಕಾಲಿಗೆ ನಮಸ್ಕಾರ.

ನಿಮ್ಮ ಮಗಳು,
ಪವಿತ್ರಾ

ಬರೆಯದೆ ಬಿಟ್ಟದ್ದು: ಜೇಬಿನಲ್ಲಿರುವ ಆ ಪ್ರತಿಯನ್ನು ಇನ್ನು ಯಾರಿಗೂ ತೋರಿಸಬೇಡಿ. ಪ್ರಬಂಧವನ್ನು ಹಿಂದಕ್ಕೆ ತೆಗೆದುಕೊಳ್ಳುವುದೆಂದು ತೀರ್ಮಾನಿಸಿದ್ದೇನೆ. ಮಂಗಳವಾರ ಗೈಡ್ ಚಂದ್ರಶೇಖರ ಸರ್ ಅವರಿಗೆ ಹೇಳುತ್ತೇನೆ. ಅದಕ್ಕೂ ಮೊದಲು ದಿವ್ಯಾಳಿಗೆ.